ಘಾಟು ಬರದ ಮೆಣಸಿನಕಾಯಿ

ಮಕ್ಕಳ ಬಹುಮಾನದ ಫೋಟೊ ಊರಿಗೆಲ್ಲ ತೋರಸ್ತೀರಲ್ಲ, ಬುದ್ಧಿ ಅದನೇನ್ರಿ ನಿಮಗ?

ಇವತ್ತು ಬಾಜೂ ಮನ್ಯಾಗ ದೃಷ್ಟಿ ತೆಗೆದ ಮೆಣಸಿನಕಾಯಿ ಘಾಟಿಗೆ ಕೆಮ್ಮಿದೆ, ಅಪ್ಪ ನೆನಪಾದ.

ಅಕ್ಕ ಸಾಲಿಗೇ ಫಸ್ಟ್ ಬಂದಾಗ ಅಪ್ಪ ಸುಲೇಪೇಟ ಬಜಾರದಾಗೆಲ್ಲ "ನನ್ನ ಮಗಳ್ರಿ!" ಅಂತ ಹೇಳ್ಕೋತ ತಿರುಗಿದ. ಸಂಜಿಗೆ ಅಕ್ಕನ ಮೈ ಸುಡ್ಲಿಕತ್ತಿತು.

ಅವ್ವ ಓಣಿಯವರ ಹೆಸರು ಒಂದೊಂದೇ ಹೇಳಿ, ಮೆಣಸಿನಕಾಯಿ ಇಳಿಸಿ ಒಲಿಗೆ ಹಾಕಿದಳು. ಘಾಟು ಬರಲಿಲ್ಲಂದ್ರ ಹೆಸರು ಹೇಳಿದವರ ಕಣ್ಣೇ ಬಿದ್ದದಂತ ಲೆಕ್ಕ. ಪ್ರತಿ ಸಲ ಎಲ್ಲರೂ ಕೆಮ್ಮಿದಿವಿ.

"ಇನ್ಯಾರು ಉಳದಾರ?" ಅಂದ ಅಪ್ಪ.

ಅವ್ವ ಗಂಡನ ಹೆಸರು ಹೇಳುವಾಕಿ ಅಲ್ಲ. ಅವನ ಮುಖ ನೋಡಿ ಒಂದು ಹಿಡಿ ಹಾಕಿದಳು. ಮೆಣಸಿನಕಾಯಿ ಕರ್ರಗಾದವು. ಯಾರಿಗೂ ಕೆಮ್ಮು ಬರಲಿಲ್ಲ.

ಬೆಳಗಾಗೂದ್ರಾಗ ಅಕ್ಕಗ ಆರಾಮಾತು. ಮುಂದ ಆಕಿ ಸೇಡಂದಾಗ ಟೀಚರ್ ಆದ ದಿನ, ಅಪ್ಪ ಗ್ವಾಡಿ ಕಡೆ ಮುಖ ಮಾಡಿ "ಭಾಳ ಚಲೋ ಆತು" ಅಂದ. ಹೊಳ್ಳಿ ನೋಡಲಿಲ್ಲ.

ನಿಮ್ಮ ಮಕ್ಕಳು ಹುಷಾರದಾರೋ ಇಲ್ಲೋ, ಈ ತಿಂಗಳು ಮುಗಿಯೂದ್ರೊಳಗ ನನಗ ಬರದು ತಿಳಸ್ರಿ.