ಮೂರನೇ ಸಲ ಕೇಳುವವರು

ಡೀಟರ್ ಬಾಗಿಲಿಗೆ ಬಂದು ಹಾಡಲು ಕರೆದಾಗ ಡೀಲಿಯಾ ಟಾರ್ಪಿ, “ಅಯ್ಯೋ, ನಂಗೆಲ್ಲಿ ಬರುತ್ತಪ್ಪ ಹಾಡು!” ಎಂದಳು. ಅದರಲ್ಲಿ ತಪ್ಪೇನೂ ಇರಲಿಲ್ಲ. ಕ್ಲೇರ್ ಸೀಮೆಯ ಕಡಲಂಚಿನ ಕಿಲ್‌ಡೂರಾದಲ್ಲಿ ಮಾನ ಮರ್ಯಾದೆ ಇರುವ ಯಾವ ಹೆಂಗಸೂ ಹಾಡು ಅಂದ ತಕ್ಷಣ ಬಾಯಿ ತೆರೆಯುವುದಿಲ್ಲ. ಮೊದಲ ಸಲ ಕೇಳಿದರೆ ಹಾಡೇ ಬರುವುದಿಲ್ಲ ಅನ್ನಬೇಕು. ಎರಡನೇ ಸಲ ಕೇಳಿದರೆ ಗಂಟಲು ಕಟ್ಟಿದೆ ಅನ್ನಬೇಕು. ಮೂರನೇ ಸಲಕ್ಕೆ ನಿಟ್ಟುಸಿರು ಬಿಟ್ಟು, ಇನ್ನು ಇವರ ಕಾಟ ತಡೆಯಲಾರೆ ಎಂಬಂತೆ ಕಣ್ಣು ಮುಚ್ಚಿ ಶುರು ಮಾಡಬೇಕು. ಒಂದು ಲೋಟ ಚಹಾ ಕುಡಿಯುವುದಕ್ಕೂ ಅಲ್ಲಿ ಇದೇ ಕ್ರಮ.

ಡೀಟರ್ ಮಾತ್ರ, “ಸರಿ. ತಿಳಿಸಿದ್ದಕ್ಕೆ ಧನ್ಯವಾದ,” ಎಂದು ಟೊಪ್ಪಿಗೆ ಎತ್ತಿ ನಮಸ್ಕರಿಸಿ ಹೊರಟ. ಗಂಟಲು ಕಟ್ಟಿದೆ ಎಂದು ಹೇಳಲು ಡೀಲಿಯಾ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅವನ ಸೈಕಲ್ಲು ತಿರುವು ದಾಟಿತ್ತು.

ಡೀಟರ್ ಜರ್ಮನಿಯವನು. ರಜೆಗೆಂದು ಬಂದವನು ಗುಡ್ಡದ ಮೇಲಿನ ಹಳೇ ಮನೆಯನ್ನು ಕೊಂಡು, ಮೇಕೆ ಸಾಕಿ, ಅದರ ಹಾಲಿನಿಂದ ಚೀಸ್ ಮಾಡಿಕೊಂಡು ಅಲ್ಲೇ ಉಳಿದಿದ್ದ. ಒಳ್ಳೆಯವನು. ಹೌದು ಅಂದರೆ ಹೌದು, ಇಲ್ಲ ಅಂದರೆ ಇಲ್ಲ ಎಂದು ತಿಳಿಯುವುದೊಂದೇ ಅವನ ಐಬು. ಊರ ಹಾಲ್‌ನ ಕಮಿಟಿಗೆ ಕಾರ್ಯದರ್ಶಿ ಬೇಕಾಗಿ ಎಲ್ಲರನ್ನೂ ಕೇಳುತ್ತ ಬಂದಾಗ ಒಂದೇ ಸಲಕ್ಕೆ ಹೂಂ ಅಂದವನು ಅವನೊಬ್ಬನೇ. ಹಾಗಾಗಿ ಕಾರ್ಯದರ್ಶಿಯೂ ಆದ. ಹಾಲ್‌ನ ಸೂರು ಸೋರುತ್ತಿತ್ತು. ಅದನ್ನು ಹೊದಿಸುವ ದುಡ್ಡಿಗಾಗಿ ಚಳಿಗಾಲದ ಭಾನುವಾರಗಳಲ್ಲಿ ಸಂಗೀತ ಕಚೇರಿ ನಡೆಸೋಣ, ಒಂದು ವಾರ ಪಿಟೀಲು, ಒಂದು ವಾರ ಕೊಳಲು, ಕೊನೆಗೆ ಊರಿನವರದೇ ಹಾಡು ಎಂದು ಹೊರಟವನೂ ಅವನೇ.

ಡೀಲಿಯಾಳಿಗೆ ಹಾಡಬೇಕು ಅಂತ ಹೊಟ್ಟೆಯೊಳಗೆ ಬೆಂಕಿಯಂಥ ಆಸೆ. ಗಂಡ ಪ್ಯಾಕಿ ಸತ್ತ ಮೇಲೆ ಅವಳು ನಾಲ್ಕು ಜನರ ಮುಂದೆ ಹಾಡಿರಲಿಲ್ಲ. ಅವಳ ಹತ್ತಿರ ಇದ್ದದ್ದು ಅಪ್ಪ ಕಟ್ಟಿದ ಹಾಡು. ಎದುರಿನ ದ್ವೀಪದವರಿಗೆ ಮಾರಿದ ಹಸುವೊಂದು ಕಡಲು ಈಜಿ ತನ್ನ ಕೊಟ್ಟಿಗೆಗೇ ವಾಪಸು ಬಂದ ಕಥೆ. ಅದು ಡೀಲಿಯಾಳ ಹಾಡು ಅಂದರೆ ಅವಳದೇ. ಅವಳಿರುವ ಕಡೆ ಬೇರೆಯವರು ಅದನ್ನು ಗುನುಗುವಂತಿಲ್ಲ. ಹಿಂದೆಲ್ಲ ಜನ ಎರಡು ಸಲ ಕೇಳಿ ಸುಮ್ಮನಾದಾಗ, ಹಾಲ್‌ನ ಬಾಗಿಲ ಚೌಕಟ್ಟಿಗೆ ಒರಗಿ ನಿಂತ ಪ್ಯಾಕಿ, “ಹಾಡೇ ಮಾರಾಯ್ತಿ, ಸಾಕು ಬಿಂಕ!” ಅನ್ನುತ್ತಿದ್ದ. ಮೂರನೇ ಸಲ ಕೇಳುವವನು ಯಾವಾಗಲೂ ಅವನೇ.

ವಾರ ಕಳೆಯುವಷ್ಟರಲ್ಲಿ ಮಾರ್ಟಿ ಕಿಲೀನನ ಅಂಗಡಿಯ ಗಾಜಿಗೆ ಪೋಸ್ಟರ್ ಅಂಟಿತು. “ಕೆಲ್ಟಿಕ್ ಹಾಗೂ ಜನಪದ ಸಂಗೀತ ಕಚೇರಿಗಳು” ಎಂದು ದಪ್ಪಕ್ಷರದಲ್ಲಿತ್ತು.

“ಕೆಲ್ಟಿಕ್ ಅಂದ್ರೆ ಯಾರೋ ಮಾರ್ಟಿ?” ಎಂದು ಡೀಲಿಯಾ ಕೇಳಿದಳು.

“ನಾವೇ ಅಂತೆ ಕಣಮ್ಮ.”

“ಯಾವಾಗಿಂದ?”

“ಡೀಟರ್ ಬಂದಾಗಿಂದ.”

ಅವಳ ಕಣ್ಣು ಕೆಳಗಿನ ಸಾಲಿಗೆ ಇಳಿಯಿತು. ಊರಿನವರ ಹಾಡು ಎಂಬುದರ ಎದುರಿಗೆ ಅವಳ ನಾದಿನಿ ನೋನಿಯ ಹೆಸರಿತ್ತು. ನೋನಿ! ಒಂದೇ ಸಲಕ್ಕೆ ಒಪ್ಪಿಕೊಂಡಿದ್ದಳು, ನಾಚಿಕೆಯಿಲ್ಲದವಳು. ಅದಿರಲಿ, ನೋನಿಗೆ ತನ್ನದು ಅಂತ ಹಾಡಾದರೂ ಎಲ್ಲಿದೆ?

ಅಷ್ಟರಲ್ಲಿ ನೋನಿಯೇ ಬ್ರೆಡ್ಡಿಗೆಂದು ಅಂಗಡಿಗೆ ಬಂದಳು. “ಏನತ್ತಿಗೆ, ಪೋಸ್ಟರ್ ಓದ್ತಿದೀಯ? ಎರಡ್ಸಲ ಓದಿದ್ರೆ ನಿನ್ನ ಹೆಸರು ಮೂಡುತ್ತಾ?”

“ಏನ್ ಹಾಡ್ತೀಯೇ ನೀನು?”

“ಹಸು ಹಾಡು.”

“ಅದು ನಂದು!”

“ನಿಂದೇ ಕಣತ್ತಿಗೆ, ಇಲ್ಲ ಅಂದವರ‍್ಯಾರು? ಒಳ್ಳೇ ಪಿಂಗಾಣಿ ಅಂತ ಬೀರುವಿನಲ್ಲಿ ಬೀಗ ಹಾಕಿ ಇಟ್ಟಿದೀಯಲ್ಲ. ಯಾರಾದ್ರೂ ಒಬ್ರು ಅದ್ರಲ್ಲಿ ಚಹಾ ಕುಡೀಬೇಕಲ್ಲ.” ಬ್ರೆಡ್ಡನ್ನು ಕಂಕುಳಲ್ಲಿ ಇರುಕಿಕೊಂಡು ನೋನಿ ಹೊರಟುಹೋದಳು.

ನೋನಿಯ ದನಿಯಲ್ಲಿ ಆ ಹಸು ದಡ ಸೇರುವುದುಂಟೆ? ಅರ್ಧ ದಾರಿಯಲ್ಲೇ ಮುಳುಗುತ್ತದೆ. ಡೀಲಿಯಾಳಿಗೆ ಅನ್ನ ನೀರು ಸೇರದಂತಾಯಿತು. ಮರುದಿನ ಸೇಬಿನ ಕಡುಬು ಬೇಯಿಸಿಕೊಂಡು ಡೀಟರನ ಮನೆಗೆ ಹತ್ತಿದಳು. ತಾನಾಗಿ ಕೇಳುವಂತಿಲ್ಲ, ಅವನ ಬಾಯಿಂದ ಇನ್ನೊಂದು ಸಲ ಹೊರಡಿಸಬೇಕು.

“ಹಾಡೋರು ಬೇಕಾದಷ್ಟು ಜನ ಸಿಕ್ಕಿರ‍್ಬೇಕು, ಅಲ್ವಾ?” ಎಂದಳು.

“ಹೌದು, ಸಾಕಷ್ಟು ಜನರಿದ್ದಾರೆ,” ಎಂದ ಡೀಟರ್ ಸಂತೋಷದಿಂದ.

“ನನ್ನ ಗಂಟಲಂತೂ ಈಗ ಮೊದಲಿನ ಹಾಗಿಲ್ಲಪ್ಪ.” ಹೀಗೆಂದು ಒಂದು ಸಣ್ಣ ಕೆಮ್ಮು ಕೆಮ್ಮಿದಳು. ಇದಕ್ಕಿಂತ ಬಿಡಿಸಿ ಹೇಳಿದರೆ ಹರಾಜು ಕೂಗಿದಂತಾಗುತ್ತಿತ್ತು.

ಡೀಟರ್ ಎದ್ದು ಒಳಗೆ ಹೋದ. ಒಂದು ಜಾಡಿ ಜೇನುತುಪ್ಪ ತಂದು ಅವಳ ಕೈಗಿಟ್ಟ. “ದಿನಕ್ಕೆ ಎರಡು ಚಮಚ. ಹೆಚ್ಚು ಮಾತನಾಡಬೇಡಿ.”

ಜೇನಿನ ಜಾಡಿ ಹೊತ್ತು ಇಳಿದು ಬಂದವಳ ಮುಖ ನೋಡಿ ಮಾರ್ಟಿಗೆ ಎಲ್ಲ ಅರ್ಥವಾಯಿತು. ಡೀಟರ್ ಅಂಗಡಿಗೆ ಬಂದಾಗ ಹೇಳಿದ: “ನೋಡಪ್ಪ, ನಮ್ಮೂರಲ್ಲಿ ಒಂದ್ಸಲ ಕೇಳಿದ್ರೆ ಕೇಳ್ದಂಗಲ್ಲ. ಮೂರು ಸಲ ಕೇಳ್ಬೇಕು.”

“ಮೂರು ಸಲ,” ಎಂದು ಡೀಟರ್ ಗಂಭೀರವಾಗಿ ತಲೆಯಾಡಿಸಿದ. “ಯಾರೂ ನನಗೆ ಹೇಳಲೇ ಇಲ್ಲ.”

ಡೀಲಿಯಾ ಬಕೆಟ್ಟು ಹಿಡಿದು ರಸ್ತೆ ದಾಟಿ ಕೋಳಿಗಳಿಗೆ ಕಾಳು ಹಾಕಲು ಹೋಗುತ್ತಿದ್ದಳು. ಸೈಕಲ್ಲು ಬಂದು ಅಡ್ಡ ನಿಂತಿತು. “ಶ್ರೀಮತಿ ಟಾರ್ಪಿ, ನೀವು ಹಾಡುತ್ತೀರಾ? ಶ್ರೀಮತಿ ಟಾರ್ಪಿ, ನೀವು ಹಾಡುತ್ತೀರಾ? ಶ್ರೀಮತಿ ಟಾರ್ಪಿ, ನೀವು ಹಾಡುತ್ತೀರಾ?” ಉಸಿರು ತೆಗೆದುಕೊಳ್ಳದೆ, ಒಂದೇ ದನಿಯಲ್ಲಿ, ಹಲಗೆಗೆ ಮೊಳೆ ಹೊಡೆದ ಹಾಗೆ.

“ನಾನೇನು ಕಿವುಡೀನಾ?” ಎಂದು ರೇಗಿದಳು ಡೀಲಿಯಾ. “ಆಗಲ್ಲ ಅಂದ್ನಲ್ಲ!”

ಆಡಿದ ಮಾತು ಅವಳ ಕಿವಿಗೇ ಬೀಳುವಷ್ಟರಲ್ಲಿ ಡೀಟರ್ ಟೊಪ್ಪಿಗೆ ಎತ್ತಿ ಆಗಿತ್ತು. ಕೋಳಿಗಳಿಗೆ ಅಂದು ಕಾಳಿನ ಜೊತೆ ಬೈಗುಳವೂ ಸಿಕ್ಕಿತು.

ಊರಿನವರ ಹಾಡಿನ ಭಾನುವಾರ ಹಾಲ್ ತುಂಬಿತ್ತು. ಸೂರು ಸೋರುವ ಕಡೆ ಬಕೆಟ್ಟು ಇಟ್ಟಿದ್ದರು. ಡೀಲಿಯಾ ಹಿಂದುಗಡೆ ಏಪ್ರನ್ ಕಟ್ಟಿಕೊಂಡು ಚಹಾದ ಹಂಡೆಯ ಹತ್ತಿರ ನಿಂತಿದ್ದಳು. ಬರದೆ ಇರಬಹುದಿತ್ತು, ಆದರೆ ಹಸುವಿಗೆ ಏನು ಗತಿಯಾಗುತ್ತದೋ ಕಣ್ಣಾರೆ ನೋಡದೆ ಮನಸ್ಸು ತಡೆಯಲಿಲ್ಲ.

ನೋನಿ ಎದ್ದಳು. ಡೀಲಿಯಾಳ ಕೈಯ ಬಟ್ಟೆ ಹಿಂಡಿ ಹಗ್ಗವಾಯಿತು. ಆದರೆ ನೋನಿ ಹಾಡಿದ್ದು ಹಸುವಿನ ಹಾಡಲ್ಲ, ಮಕ್ಕಳಿಗೆ ಹೇಳುವ ಯಾವುದೋ ತುಂಡು ಹಾಡು. ಅದನ್ನೂ ದಡಬಡ ಮುಗಿಸಿದಳು. ಹಾಡಿದವರಿಗೆ ಮುಂದೆ ಹಾಡುವವರನ್ನು ಕರೆಯುವ ಹಕ್ಕು ಅಲ್ಲಿ ಅಜ್ಜಂದಿರ ಕಾಲದಿಂದ ಇದೆ. ನೋನಿ ಹಂಡೆಯ ಕಡೆ ಕೈ ತೋರಿಸಿದಳು. “ನಾನು ಹಾಡ್ಬೇಕು ಅಂತಿದ್ದ ಹಾಡಿನ ಯಜಮಾನಿ ಅಲ್ಲಿ ಚಹಾ ಸೋಸ್ತಾ ನಿಂತವ್ಳೆ. ಬಾರೇ ಅತ್ತಿಗೆ!”

“ಅಯ್ಯೋ, ನಂಗೆಲ್ಲಿ ಬರುತ್ತೆ!” ಎಂದಳು ಡೀಲಿಯಾ.

“ಹಾಡು ಡೀಲಿಯಾ!” ಎಂದು ಬೆಂಚುಗಳಲ್ಲಿ ಕೂತವರು ಕೂಗಿದರು.

“ಗಂಟಲು ಕಟ್ಟಿದೆ ಕಣ್ರೋ.” ಎರಡಾಯಿತು. ಇನ್ನೊಂದೇ ಸಲ.

ಆಗ ಡೀಟರ್ ವೇದಿಕೆ ಹತ್ತಿದ. “ದಯವಿಟ್ಟು ನಿಲ್ಲಿಸಿ! ಈ ಮಹಿಳೆಯನ್ನು ನಾನು ಮನೆಗೆ ಹೋಗಿ ಕೇಳಿದ್ದೇನೆ, ರಸ್ತೆಯಲ್ಲೂ ಕೇಳಿದ್ದೇನೆ. ಆಗುವುದಿಲ್ಲ ಎಂದಿದ್ದಾರೆ. ಅವರ ಗಂಟಲಿಗೆ ನಾನೇ ಔಷಧಿ ಕೊಟ್ಟಿದ್ದೇನೆ. ಅವರ ಇಚ್ಛೆಯನ್ನು ನಾವು ಗೌರವಿಸಬೇಕು.”

ಇಷ್ಟಾದ ಮೇಲೆ ಇನ್ನೊಮ್ಮೆ ಕೇಳುವುದು ಯಾರಿಗೆ ಸಾಧ್ಯ? ಬಕೆಟ್ಟಿಗೆ ತೊಟ್ಟಿಕ್ಕುವ ಸದ್ದೊಂದೇ. ಡೀಲಿಯಾ ಬಾಗಿಲ ಕಡೆ ನೋಡಿದಳು. ಚೌಕಟ್ಟಿನ ಹತ್ತಿರ ಒದ್ದೆ ಕೋಟುಗಳು ನೇತಾಡುತ್ತಿದ್ದವು, ಅಷ್ಟೇ. ಅಲ್ಲಿಂದ ಯಾರೂ ಏನೂ ಹೇಳಲಿಲ್ಲ.

“ನಾನು ಹಾಡ್ತೀನಿ,” ಎಂದಳು.

“ಕ್ಷಮಿಸಿ, ಏನೆಂದಿರಿ?” ಎಂದ ಡೀಟರ್.

“ಹಾಡ್ತೀನಿ ಅಂದೆ! ಯಾರೂ ಕೇಳೋದೂ ಬೇಡ, ಕರೆಯೋದೂ ಬೇಡ. ಸಾಕು ಬಿಂಕ! ಕೂತ್ಕೊಳಪ್ಪ ನೀನು!”

ಆ ಹಾಲ್‌ನಲ್ಲಿ ಅಂಥ ಮಾತನ್ನು ಯಾರೂ ಕೇಳಿರಲಿಲ್ಲ. ಮುಂದಿನ ಸಾಲಿನ ಮುದುಕಿಯೊಬ್ಬಳು ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಳು. ಡೀಲಿಯಾ ಏಪ್ರನ್ನಿನಲ್ಲೇ ಬಂದು ನಿಂತು ಕಣ್ಣು ಮುಚ್ಚಿದಳು. ನೋನಿ ಪಕ್ಕಕ್ಕೆ ಬಂದು, ಹಾಡುವವರ ಕೈ ಹಿಡಿಯುವ ರೂಢಿಯಂತೆ, ಅವಳ ಕೈ ಹಿಡಿದು ಹಾಡಿನ ಏರಿಳಿತಕ್ಕೆ ಮೆಲ್ಲಗೆ ತಿರುಗಿಸತೊಡಗಿದಳು. ಹಸು ದ್ವೀಪ ಬಿಟ್ಟಿತು, ಅಲೆ ಕುಡಿಯಿತು, ಎರಡು ಸಲ ಮುಳುಗಿ ಎದ್ದಿತು. ಅದರ ಗೊರಸಿಗೆ ಮರಳು ತಾಗಿದಾಗ ಹಿಂದಿನಿಂದ ಮಾರ್ಟಿ, “ಭಲೇ ಡೀಲಿಯಾ!” ಎಂದು ಕೂಗಿದ. ಆಮೇಲೆ ಏನು ಗದ್ದಲವೆಂದರೆ, ಸೂರಿನ ಇನ್ನೆರಡು ಕಡೆ ಸೋರಲು ಶುರುವಾಯಿತಂತೆ.

ಎಲ್ಲ ಮುಗಿದು ಚಹಾ ಹಂಚುವಾಗ ಡೀಲಿಯಾ ಸೇಬಿನ ಕಡುಬಿನ ದೊಡ್ಡ ತುಂಡನ್ನು ತಟ್ಟೆಯಲ್ಲಿಟ್ಟು ಡೀಟರನ ಮುಂದೆ ಹಿಡಿದಳು. ಬೆಳಗಿನಿಂದ ಓಡಾಡಿ ಅವನಿಗೆ ಹಸಿವು ಕಿತ್ತು ತಿನ್ನುತ್ತಿತ್ತು. ಆದರೆ ಈಗ ಅವನಿಗೂ ಊರಿನ ರೀತಿ ತಿಳಿದಿತ್ತಲ್ಲ.

“ಅಯ್ಯೋ, ಬೇಡ ಬೇಡ,” ಎಂದ ನಾಚಿಕೊಂಡು.

“ಹಂಗಾ? ಸರಿಯಪ್ಪ,” ಎಂದು ಡೀಲಿಯಾ ತಟ್ಟೆ ಎತ್ತಿಕೊಂಡು ಮುಂದಿನ ಬೆಂಚಿಗೆ ಹೋದಳು. ಡೀಟರ್ ಇನ್ನೂ ಎರಡು ಸಲ ಕೇಳುತ್ತಾಳೆಂದು ಕಾಯುತ್ತ, ಕಡುಬು ಹೋದ ದಾರಿಯನ್ನೇ ನೋಡುತ್ತ ನಿಂತಿದ್ದ.