ಮಾಸೂರಿನಲ್ಲಿ ಬಟ್ಟಲು ಕಾಯುವವನು

ಏಳಕ್ಕೆ ಹುಬ್ಬಳ್ಳಿ ಬಿಡಬೇಕಾಗಿದ್ದ ಮೋಟಾರು ಎಂಟೂವರೆಗೆ ಹೊರಟಿತು. ಯುದ್ಧದಿಂದಾಗಿ ಪೆಟ್ರೋಲು ಇಲ್ಲ. ಗಾಡಿಯ ಬೆನ್ನಿಗೆ ಕಟ್ಟಿದ ಒಲೆಯಲ್ಲಿ ಇದ್ದಿಲು ಉರಿದು ಅನಿಲ ಹುಟ್ಟುವವರೆಗೆ ಕಾಯಬೇಕು. ಹಾನಗಲ್ಲಿಗೆ ಒಂದು ರೂಪಾಯಿ ಎರಡಾಣೆ. ಏರು ಬಂದಲ್ಲೆಲ್ಲ ಗಂಡಸರು ಇಳಿದು ನಡೆದೆವು.

ಬರ್ಮಾದಿಂದ ಮರಳಿದ ಹೊಳೆಬಸಪ್ಪ ಎಂಬವನು ಮಾಸೂರಿನಲ್ಲಿ ಬೌದ್ಧರ ಧ್ಯಾನ ಮಾಡುತ್ತಾನೆ, ಅದರಿಂದ ಕಾಲುವೆಯ ನೀರಿಗೆ ತಕರಾರು ಎದ್ದಿದೆ ಎಂದು ನಮ್ಮ ಪತ್ರಿಕೆಗೆ ಕಾಗದ ಬಂದಿತ್ತು. ನೋಡಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

ಶಿಗ್ಗಾವಿಯಲ್ಲಿ ಸವಣೂರಿನ ವೀಳ್ಯದೆಲೆ ವ್ಯಾಪಾರಿ ಸಾಹೇಬರೊಬ್ಬರು ಬುಟ್ಟಿಗಳೊಂದಿಗೆ ಹತ್ತಿ ಪಕ್ಕದಲ್ಲಿ ಕುಳಿತರು. ನನ್ನ ಕೆಲಸ ಕೇಳಿ, "ಕಣ್ಣು ಮುಚ್ಕೊಂಡು ಕುಂತ್ರ ಏನ್ ಆಕ್ಕೈತ್ರಿ?" ಎಂದರು.

"ಅದನ್ನ ನೋಡಾಕ ಹೊಂಟೇನಿ."

"ನೋಡ್ರಿ ಹಂಗಾರ. ಎಲಿ ಬಾಡೋದು ನಿಲ್ತೈತಿ ಅಂದ್ರ ನನಗೂ ಒಂದು ಕಾಗದ ಹಾಕ್ರಿ," ಎಂದು ಬುಟ್ಟಿಯ ಮೇಲಿನ ಅರಿವೆಗೆ ನೀರು ಚಿಮುಕಿಸಿದರು.

ಹಾನಗಲ್ಲಿನಲ್ಲಿ ತಂಗಿದೆ. ಖಾನಾವಳಿಯಲ್ಲಿ ಬಿಸಿ ರೊಟ್ಟಿ, ಬದನೆಕಾಯಿ ಪಲ್ಲೆ. ಮರುದಿನ ಮಧ್ಯಾಹ್ನ ಹಿರೇಕೆರೂರು. ಅಲ್ಲಿಂದ ಎತ್ತಿನ ಗಾಡಿಯಲ್ಲಿ ಮಾಸೂರು ಮುಟ್ಟಿದಾಗ ಹೊತ್ತು ಇಳಿದಿತ್ತು. ಮದಗದ ಕೆರೆಯ ಕೆಳಗೆ ಭತ್ತ ಹೊಡೆಗೆ ಬಂದು ತೆನೆ ಹೊರಡುವುದರಲ್ಲಿತ್ತು, ಮಳೆ ನಿಂತು ಹೋಗಿತ್ತು.

ಹೊಳೆಬಸಪ್ಪ ಕಾಲುವೆಯ ಮೇಲಿದ್ದ. ಮನೆಯಲ್ಲಿ ಅವನ ಹೆಂಡತಿ ಗಂಗವ್ವ ಚರಿಗೆಯಲ್ಲಿ ನೀರು ಕೊಟ್ಟಳು. ಗಂಡ ರಂಗೂನಿನ ಕಟ್ಟಿಗೆ ಅಡ್ಡೆಯಲ್ಲಿದ್ದಾಗ ಭಿಕ್ಷುವೊಬ್ಬರಿಂದ ಉಸಿರು ನೋಡುತ್ತ ಕೂರುವುದನ್ನು ಕಲಿತ. ಬಾಂಬು ಬಿದ್ದ ಮೇಲೆ ಕಾಡು ದಾಟಿ ನಡೆದು ಬಂದ ಎಂದಳು.

"ಮೊದಲ ಉಪ್ಪು ಕಡಿಮಿ ಆದ್ರ ಉಣ್ಣೋ ಗಂಗಾಳ ಅಂಗಳಕ್ಕ ಬೀಳತಿತ್ರಿ. ಬಂದ ಮ್ಯಾಲೆ ಒಂದಿನ ಉಪ್ಪು ಹಾಕೋದಽ ಮರತೆ. ಸುಮ್ಮನ ಉಂಡು ಎದ್ರು. ನಾ ಭಾಳ ಹೆದರಿದೆ."

"ಯಾಕ?"

"ಬೈದ್ರ ಸಿಟ್ಟು ಎಲ್ಲಿಗಿ ಬಂದೈತಿ ಗೊತ್ತಾಗತಿತ್ತು. ಸುಮ್ಮನಿದ್ರ ಹ್ಯಾಂಗ ತಿಳೀಬೇಕು? ಆರು ತಿಂಗಳು ಬೇಕಾತು ನನಗ, ಒಳಗೂ ಸಿಟ್ಟಿಲ್ಲ ಅಂತ ನಂಬಾಕ." ನಾಳೆ ಹಿರಿಯರು ಸೇರುತ್ತಾರೆ, ಬಟ್ಟಲು ಕಾಯುವ ಕೆಲಸ ಕಸಿದುಕೊಂಡರೆ ಅರ್ಧ ಎಕರೆಯಲ್ಲಿ ಬದುಕಬೇಕು ಎಂದು ನಿಟ್ಟುಸಿರು ಬಿಟ್ಟಳು.

ಬಟ್ಟಲೆಂದರೆ ತಳಕ್ಕೆ ಸಣ್ಣ ತೂತಿರುವ ತಾಮ್ರದ ಬಟ್ಟಲು. ನೀರಿನ ಹಂಡೆಯಲ್ಲಿ ತೇಲಿಬಿಟ್ಟರೆ ಮೆಲ್ಲಗೆ ತುಂಬಿ ಮುಳುಗುತ್ತದೆ. ಒಮ್ಮೆ ಮುಳುಗುವಷ್ಟು ಹೊತ್ತು ಗದ್ದೆಗೆ ಹರಿದದ್ದು ಒಂದು ಬಟ್ಟಲು ನೀರು; ಒಬ್ಬೊಬ್ಬ ರೈತನಿಗೆ ಇಷ್ಟು ಬಟ್ಟಲು ಎಂದು ಪಾಳಿ. ಮುಳುಗಿದ ಕೂಡಲೇ ಎತ್ತಿ ಮತ್ತೆ ತೇಲಿಬಿಡುವುದು ಹೊಳೆಬಸಪ್ಪನ ಕೆಲಸ. ತಡವಾದರೆ ಮುಂದಿನವರ ಪಾಳಿಗಳೆಲ್ಲ ಹಿಂದೆ ಸರಿಯುತ್ತವೆ. ಸಂಜೆ ಕಾಲುವೆ ಮುಚ್ಚುವುದರಿಂದ ಪೆಟ್ಟು ಬೀಳುವುದು ಕಡೆಯವನಿಗೆ.

ಕಡೆಯವನು ಫಕೀರಪ್ಪ. ಬರ್ಮಾಕ್ಕೆ ಹೋಗುವ ಮುಂಚೆ ಹೊಳೆಬಸಪ್ಪ ನೀರಿನ ಜಗಳದಲ್ಲಿ ಗುದ್ದಲಿಯ ಕಾವಿನಿಂದ ಹೊಡೆದು ಇವನ ಮುಂಗೈ ಮುರಿದಿದ್ದ. ಅದು ಇನ್ನೂ ಸೊಟ್ಟಗಿದೆ. ಬೆಳಿಗ್ಗೆ ಊರ ಗೌಡರು, ಹಿರಿಯರು ಕಾಲುವೆಯ ಮೇಲೆ ಹಂಡೆಯ ಬಳಿ ಸೇರಿದಾಗ ಫಕೀರಪ್ಪ ಬಡಿಗೆ ಹಿಡಿದ ಇಬ್ಬರು ಅಳಿಯಂದಿರೊಂದಿಗೆ ಬಂದ.

"ಗೌಡ್ರ, ಇವ ಬಟ್ಟಲ ಮುಂದ ಕಣ್ಣು ಮುಚ್ಚಿ ಕುಂತಾನ. ಸ್ವಾಮಿ ಆಗೋದಿದ್ರ ಮಠಕ್ಕ ಹೋಗ್ಲಿ. ನನ್ನ ಭತ್ತ ಒಣಗಾಕತ್ತೇತಿ."

ಗೌಡರು ಹೊಳೆಬಸಪ್ಪನ ಕಡೆ ತಿರುಗಿದರು. ನಲವತ್ತು ದಾಟಿದ, ಒಣಕಲು ಮೈಯ ಮನುಷ್ಯ.

"ಖರೇ ಐತ್ರಿ," ಎಂದ. "ಹದಿನೈದು ದಿನದ ಹಿಂದ ನಸುಕಿನ್ಯಾಗ ಕಣ್ಣು ಮುಚ್ಚಿದೆ. ತೆರದಾಗ ಬಟ್ಟಲು ತಳದಾಗಿತ್ತು. ಯಾವಾಗ ಮುಳುಗಿತೋ ಗೊತ್ತಿಲ್ಲ."

ಅಳಿಯಂದಿರು ಬಡಿಗೆಗಳನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು.

"ಇಲ್ಲ ಅಂದಿದ್ರ ಯಾರಿಗಿ ತಿಳೀತಿತ್ತೋ ಮಾರಾಯಾ," ಎಂದರು ಗೌಡರು.

"ಸುಳ್ಳು ಆಡಂಗಿಲ್ಲ ಅಂತ ಬರ್ಮಾದಾಗ ಭಿಕ್ಷುಗಳಿಗೆ ಮಾತು ಕೊಟ್ಟೇನ್ರಿ. ಉಸರು ನೋಡಾಕ ಕಣ್ಣು ಬೇಕಿಲ್ಲ, ಬಟ್ಟಲು ನೋಡಾಕ ಬೇಕು. ಅದನ್ನ ಮರತೆ. ಇವತ್ತು ನನ್ನ ಪಾಳಿ ಐತಿ. ನನ್ನ ಎರಡೂ ಬಟ್ಟಲು ನೀರು ಫಕೀರಪ್ಪಗ ಹೋಗ್ಲಿ."

ಗೌಡರು ಎಲೆಯಡಿಕೆ ಉಗುಳಿ ಬಂದು ತೀರ್ಪು ಹೇಳಿದರು: ಬಟ್ಟಲು ಅವನಲ್ಲೇ ಇರಲಿ, ಕುಳಿತರೆ ಕಣ್ಣು ತೆರೆದು ಕೂರಲಿ.

"ನನಗ ನಂಬಿಕಿ ಇಲ್ರಿ," ಎಂದ ಫಕೀರಪ್ಪ. "ನಾನೂ ಮುಂದ ಕುಂದರ್ತೇನಿ."

"ಕುಂದರಪಾ," ಎಂದು ಹೊಳೆಬಸಪ್ಪ ಸರಿದು ಜಾಗ ಕೊಟ್ಟ.

ಬಟ್ಟಲು ತೇಲಿತು. ಮೊದಮೊದಲು ಫಕೀರಪ್ಪ ಅವನ ಮುಖವನ್ನೇ ನೋಡುತ್ತಿದ್ದ. ಆಮೇಲೆ ಬಟ್ಟಲು ನೋಡತೊಡಗಿದ. ಅಳಿಯಂದಿರು ಬೇಸತ್ತು ಮನೆಗೆ ಹೋದರು. ಗಂಗವ್ವ ಇಬ್ಬರಿಗೂ ರೊಟ್ಟಿ ತಂದು, ಕರೆಯದೆ, ಗಂಟು ಕೆಳಗಿಟ್ಟು ನಿಂತಳು.

ನನ್ನ ಗಾಡಿಯವನು ಅವಸರ ಮಾಡಿದ. ಬರ್ತೇನ್ರಿ ಎಂದೆ; ಇಬ್ಬರಲ್ಲಿ ಒಬ್ಬರೂ ತಲೆಯೆತ್ತಲಿಲ್ಲ. ಕೆರೆಯ ಏರಿಯ ಮೇಲಿಂದ ಹೊರಳಿ ನೋಡಿದಾಗಲೂ ಹಂಡೆಯ ಆಚೆ ಒಬ್ಬ, ಈಚೆ ಒಬ್ಬ ಹಾಗೆಯೇ ಕೂತಿದ್ದರು. ಸೊಟ್ಟ ಮುಂಗೈ ತೊಡೆಯ ಮೇಲೆ ಸಡಿಲವಾಗಿ ಬಿದ್ದಿತ್ತು.