ಹಾಲಪ್ಪ ಎಳೆದ ಹ್ಯಾಂಡ್‌ಬ್ರೇಕ್

ಕಾರು ಜಾರಿದಾಗ ನಾನು ಮಾಗಳ ಊರಿನಿಂದ ಹೊಳೆಗೆ ಇಳಿಯುವ ದಾರಿಯಲ್ಲಿ, ಚಹಾದಂಗಡಿಯ ಮುಂದೆ, ಕಾರಿನ ಬಲಗಡೆಗೆ ಹನ್ನೆರಡು ಹೆಜ್ಜೆ ದೂರದಲ್ಲಿ ನಿಂತಿದ್ದೆ. ಹೆಜ್ಜೆಗಳನ್ನು ಆಮೇಲೆ ಹೋಗಿ ಅಳೆದಿದ್ದೇನೆ. ಮೂರು ವರ್ಷದ ಹಿಂದಿನ ಒಂದು ಸೋಮವಾರ, ಬೆಳಿಗ್ಗೆ ಹತ್ತೂಕಾಲು ಗಂಟೆ. ನಾನು ಹಗರಿಬೊಮ್ಮನಹಳ್ಳಿಯಲ್ಲಿ ಗ್ಯಾರೇಜು ತೆರೆದು ಆಗ ಇಪ್ಪತ್ತೆಂಟು ವರ್ಷವಾಗಿತ್ತು. ಆ ದಿನ ಒಂದು ಟ್ರ್ಯಾಕ್ಟರಿನ ಕ್ಲಚ್ ನೋಡಲು ಮಾಗಳಕ್ಕೆ ಬಂದಿದ್ದೆ.

ಕಾರು ನಮ್ಮೂರಿನ ಬೀಜದ ವ್ಯಾಪಾರಿ ಚನ್ನಬಸಪ್ಪನವರದು. ಐವತ್ತು ವರ್ಷ ದಾಟಿದ, ದುಂಡು ಬಾನೆಟ್ಟಿನ ಗಾಡಿ. ಅವರ ತಂದೆ ಕೊಂಡದ್ದು. ಅದರ ಎಲ್ಲ ಕೆಲಸವೂ ನನ್ನ ಗ್ಯಾರೇಜಿನಲ್ಲೇ ಆಗುತ್ತಿತ್ತು. ಮೂವತ್ತು ವರ್ಷದಿಂದ ಅದನ್ನು ಓಡಿಸುತ್ತಿದ್ದವರು ಹಾಲಪ್ಪ. ಅಂದು ಚನ್ನಬಸಪ್ಪನವರು ತಾಯಿ ಗೌರಮ್ಮನವರನ್ನು ಕರೆದುಕೊಂಡು ಮಾಗಳದ ನೆಂಟರ ಮನೆಗೆ ಬಂದು ಹೊರಟಿದ್ದರು.

ನಾನು ಕಂಡದ್ದು ಇಷ್ಟು. ಹಾಲಪ್ಪ ಕಾರನ್ನು ಹೊಳೆಯ ಕಡೆ ಮುಖ ಮಾಡಿ ನಿಲ್ಲಿಸಿದರು. ಬ್ಯಾಟರಿ ಸೋತಿದ್ದರಿಂದ ಎಂಜಿನ್ ಆರಿಸಲಿಲ್ಲ, ಗೇರನ್ನು ನ್ಯೂಟ್ರಲ್‌ಗೆ ತಂದರು. ಅವರ ಎಡ ಭುಜ ಒಮ್ಮೆ ಕೆಳಗೆ ಹೋಗಿ ಮೇಲೆ ಬಂತು. ನಂತರ ಇಳಿದು, ಹಿಂದಿನಿಂದ ಸುತ್ತಿ ಬಂದು, ಎಡಬದಿಯ ಹಿಂಬಾಗಿಲು ತೆರೆದರು. ಗೌರಮ್ಮನವರು ಒಂದು ಕಾಲು ಒಳಗಿಟ್ಟು ಮೈಭಾರ ಹಾಕಿದರು. ಕಾರು ಮುಂದಕ್ಕೆ ಹೊರಟಿತು. ಅವರು ಬಿದ್ದರು. ಕಾರು ನಲವತ್ತು ಅಡಿ ಉರುಳಿ ಬೇವಿನ ಮರದ ಕಟ್ಟೆಗೆ ಬಡಿದು ನಿಂತಿತು. ಹಿಂದಿನ ಗಾಲಿ ಗೌರಮ್ಮನವರ ತಲೆಯಿಂದ ಒಂದು ಗೇಣು ದೂರದಲ್ಲಿ ಹಾದು ಹೋಗಿತ್ತು. ಅವರ ಮಣಿಕಟ್ಟು ಮುರಿಯಿತು.

ಚನ್ನಬಸಪ್ಪನವರು ಓಡಿಹೋಗಿ ಕಾರಿನೊಳಗೆ ನೋಡಿದರು. ಹ್ಯಾಂಡ್‌ಬ್ರೇಕಿನ ಲಿವರ್ ಕೆಳಗೆ ಮಲಗಿತ್ತು.

"ಬ್ರೇಕ್ ಎಳೆದೇ ಇಲ್ಲಲ್ಲೋ ಹಾಲಪ್ಪ, ನಮ್ಮವ್ವನ ಕೊಲ್ತಿದ್ದೆಲ್ಲೋ."

"ಎಳೆದೀನ್ರೀ ಸಾವ್ಕಾರ್ರ. ಮೂವತ್ತು ವರ್ಷ ಎಳೆದ ಕೈ ಇದು. ನಿದ್ದಿಗಣ್ಣಾಗೂ ಎಳೀತೈತಿ."

"ನಿದ್ದಿಗಣ್ಣಾಗ ಇದ್ದದ್ದಕ್ಕ ಹಿಂಗಾತು." ನನ್ನ ಕಡೆ ತಿರುಗಿದರು. "ಖಾಸಿಂ, ನೀ ನೋಡಿಯೇನು? ಎಳೆದನಾ?"

ನಾನು ಭುಜ ನೋಡಿದ್ದೆ, ಕೈ ನೋಡಿರಲಿಲ್ಲ. ಎಂಜಿನ್ನಿನ ಸದ್ದಿನಲ್ಲಿ ಬ್ರೇಕಿನ ಟಕಟಕ ಕೇಳಿಸಿರಲಿಲ್ಲ. "ಎಳೆದಂಗ ಕಂಡ್ತು, ಖರೆ ಕೈ ಕಾಣಲಿಲ್ರಿ" ಎಂದೆ. ಅದು ನಿಜ. ಆದರೆ ಆ ಮಾತು ಮುಗಿಯುತ್ತಲೇ ಚನ್ನಬಸಪ್ಪನವರು ಕೈ ಚಾಚಿ ಕೀಲಿ ಕೇಳಿದರು. ಹಾಲಪ್ಪ ಎಂಜಿನ್ ಆರಿಸಿ, ಕೀಲಿ ತೆಗೆದು ಕೊಟ್ಟು, ಕೆಲಸ ಕಳೆದುಕೊಂಡು ಬಸ್ಸಿಗೆ ನಡೆದರು.

ಎರಡು ದಿನದ ನಂತರ ಕಾರು ನನ್ನ ಗ್ಯಾರೇಜಿಗೆ ಬಂತು. ಬಂಪರ್ ಸರಿ ಮಾಡಲು ಹೇಳಿದ್ದರು. ನಾನು ಮೊದಲು ಲಿವರಿಗೆ ಕೈ ಹಾಕಿದೆ. ಗಾಲಿಗಳಿಗೆ ಕಲ್ಲು ಕೊಟ್ಟು, ಮುಂದಿನ ಸೀಟು ತೆಗೆದು, ಕೇಬಲ್ಲಿನ ನಟ್ಟು ಸಡಿಲಿಸಿ, ನೆಲಕ್ಕೆ ಹಿಡಿದ ಎರಡು ಬೋಲ್ಟ್ ಬಿಚ್ಚಿ ಇಡೀ ಲಿವರನ್ನು ಹೊರತಂದೆ.

ಅದರ ಬುಡದಲ್ಲಿ ಗರಗಸದಂತೆ ಹಲ್ಲುಗಳಿರುವ ಕಮಾನು ಪಟ್ಟಿ ಇರುತ್ತದೆ, ಅದು ರ‍್ಯಾಚೆಟ್. ಲಿವರ್ ಎಳೆದಾಗ ಪಾಲ್ ಎಂಬ ಉಕ್ಕಿನ ನಾಲಿಗೆ ಒಂದೊಂದೇ ಹಲ್ಲು ದಾಟಿ, ಕೊನೆಗೆ ಒಂದರ ಬುಡದಲ್ಲಿ ಕೂರುತ್ತದೆ. ಲಿವರಿನ ತುದಿಯ ಗುಂಡಿ ಒತ್ತಿದರೆ ಒಳಗಿನ ಸರಳು ಆ ನಾಲಿಗೆಯನ್ನು ಎತ್ತುತ್ತದೆ. ನಾನು ಬಿಚ್ಚಿದ ರ‍್ಯಾಚೆಟ್ಟಿನಲ್ಲಿ ಹಲ್ಲುಗಳ ನಡುವೆ ಬೂದು ಬಣ್ಣದ ಗಟ್ಟಿ ಜಿಡ್ಡು ತುಂಬಿತ್ತು. ನಾಲಿಗೆ ಬುಡಕ್ಕೆ ಇಳಿಯಲು ಜಾಗವಿರಲಿಲ್ಲ, ಹಲ್ಲಿನ ತುದಿಗೆ ಮಾತ್ರ ತಗಲುತ್ತಿತ್ತು. ಅದರ ಮೂಗೂ ದುಂಡಗೆ ಸವೆದಿತ್ತು.

ಜಿಡ್ಡನ್ನು ಉಗುರಿನಿಂದ ಕೆರೆದೆ. ಒಳಗೆ ಕೆಂಪು ಕಾಣಿಸಿತು. ಅದು ನಾನು ಬಳಸುವ ಕೆಂಪು ಗ್ರೀಸು. ಆರು ತಿಂಗಳ ಹಿಂದೆ ಲಿವರ್ ಬಿಗಿಯಾಗಿದೆ ಎಂದು ಹಾಲಪ್ಪ ಹೇಳಿದಾಗ, ಬಿಚ್ಚದೆಯೇ ಸಂದಿಯಲ್ಲಿ ಬೆರಳಿನಿಂದ ಗ್ರೀಸು ತುಂಬಿದ್ದೆ. ಅಲ್ಲಿ ಎರಡು ಹನಿ ತೆಳು ಎಣ್ಣೆಗಿಂತ ಹೆಚ್ಚು ಹಾಕಬಾರದು. ಗ್ರೀಸು ಧೂಳನ್ನು ಹಿಡಿದುಕೊಳ್ಳುತ್ತದೆ. ಇದು ನನಗೆ ಗೊತ್ತಿತ್ತು. ಅಂದು ಗಿರಾಕಿಗಳು ಹೆಚ್ಚಿದ್ದರು.

ಬಿಚ್ಚಿದ ಸಾಮಾನನ್ನು ಸೀಮೆಎಣ್ಣೆಯ ತಟ್ಟೆಯಲ್ಲಿ ಅದ್ದುವುದು ನಮ್ಮ ಮೊದಲ ಕೆಲಸ. ತಟ್ಟೆ ಕಾಲ ಬಳಿಯೇ ಇತ್ತು. ಅದ್ದಿದ್ದರೆ ಐದು ನಿಮಿಷದಲ್ಲಿ ಎಲ್ಲ ಕರಗಿ, ಹಾಲಪ್ಪ ಬ್ರೇಕ್ ಎಳೆದಿದ್ದರು ಎನ್ನುವುದಕ್ಕೆ ಜಗತ್ತಿನಲ್ಲಿ ಏನೂ ಉಳಿಯುತ್ತಿರಲಿಲ್ಲ. ನಾನು ಎಷ್ಟು ಹೊತ್ತು ಅದನ್ನು ಕೈಯಲ್ಲಿ ಹಿಡಿದು ಕೂತಿದ್ದೆನೋ ಹೇಳಲಾರೆ. ಕೊನೆಗೆ ತೊಳೆಯದೆ ಹಾಗೆಯೇ ಬೆಂಚಿನ ವೈಸಿನ ಕಬ್ಬಿಣದ ದವಡೆಗೆ ಬಿಗಿದು, ಇಬ್ಬರಿಗೂ ಫೋನ್ ಮಾಡಿದೆ.

ಹಾಲಪ್ಪ ಮೊದಲು ಬಂದು ಬಾಗಿಲಲ್ಲೇ ನಿಂತರು. ಚನ್ನಬಸಪ್ಪನವರು ಬಂದರು, ಅವರ ಹಿಂದೆ, ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡ ಗೌರಮ್ಮನವರು.

"ನೀ ಯಾಕ ಬಂದೆ ಯವ್ವಾ, ಮನ್ಯಾಗ ಕುಂದ್ರು ಅಂದ್ರ..."

"ಮುರಿದದ್ದು ನನ್ನ ಕೈ. ನೀ ಒಬ್ಬನ ನೋಡಿ ಏನ್ ಮಾಡ್ತಿ?"

ಲಿವರನ್ನು ಐದನೆಯ ಹಲ್ಲಿನವರೆಗೆ ಎಳೆದೆ. ನಿಂತಿತು. ಚನ್ನಬಸಪ್ಪನವರಿಗೆ ಕೆಳಕ್ಕೆ ಒತ್ತಲು ಹೇಳಿದೆ. ಒತ್ತಿದರು, ಅಲ್ಲಾಡಲಿಲ್ಲ. ಆಮೇಲೆ ಮರದ ಸುತ್ತಿಗೆಯಿಂದ ಬುಡಕ್ಕೆ ಮೆಲ್ಲಗೆ ಒಂದು ತಟ್ಟು ತಟ್ಟಿದೆ. ಲಿವರ್ ಸಡಿಲಗೊಂಡು ಅವರ ಕೈಯಿಂದ ಕೆಳಗೆ ಬಿತ್ತು. ಅವರು ತಾವೇ ಮತ್ತೆ ಎಳೆದರು, ತಾವೇ ತಟ್ಟಿದರು. ಮೂರು ಸಲವೂ ಬಿತ್ತು.

"ಅವ್ವಾರು ಕಾಲಿಟ್ಟಾಗ ಗಾಡಿ ಅಲ್ಲಾಡಿ ಹಿಂಗ ಬಿಚ್ಚೇತ್ರಿ," ಎಂದೆ. "ಹಾಲಪ್ಪಣ್ಣ ಎಳೆದಿದ್ದು ಖರೆ. ತಪ್ಪು ನಂದು. ಹಾಕಬಾರದ ಗ್ರೀಸು ನಾನ ಹಾಕೀನಿ. ಈ ಬೂದಿಯಂಥದ್ದು ಏನಂತ ಮಾತ್ರ ನನಗ ತಿಳೀವಲ್ದು."

ಗೌರಮ್ಮನವರು ಚಿಟಿಕೆ ತೆಗೆದು ಬೆರಳಲ್ಲಿ ಉಜ್ಜಿ, ಮೂಗಿಗೆ ಹಿಡಿದರು.

"ವಿಭೂತಿ," ಎಂದರು. "ಸೋಮವಾರಕ್ಕೊಮ್ಮೆ ಆ ಗುಂಡಿಗೆ ಹಚ್ತೀನಿ. ನಮ್ಮ ಯಜಮಾನ್ರು ಇದ್ದಾಗಿಂದ. ಗಾಡಿ ಓಡಿಸಾಕ ಎಲ್ಲಾ ಅದಾವು, ನಿಲ್ಲಿಸಿ ಹಿಡಿಯಾದು ಅದೊಂದ ಅಂತಿದ್ರು."

ಹೆಚ್ಚಾದ ವಿಭೂತಿಯನ್ನು ಹಾಲಪ್ಪ ದಿನವೂ ಒರೆಸುತ್ತಿದ್ದರಿಂದ ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ. ಗುಂಡಿಯ ಸಂದಿಯಿಂದ ಒಳಗಿಳಿದ ಪುಡಿ ಹಿಂದೆಲ್ಲ ಉದುರಿ ಹೋಗುತ್ತಿತ್ತು. ನನ್ನ ಗ್ರೀಸು ಅದನ್ನು ಹಿಡಿದಿಟ್ಟಿತ್ತು.

ಗೌರಮ್ಮನವರು ಮಗನ ಮುಖ ನೋಡಿದರು. "ಗ್ರೀಸು ಅವಂದು. ವಿಭೂತಿ ನಂದು. ಇದರಾಗ ಹಾಲಪ್ಪಂದು ಏನೈತಿ, ಹೇಳು."

ಚನ್ನಬಸಪ್ಪನವರು ಜೇಬಿನಿಂದ ಕೀಲಿ ತೆಗೆದು ಹಾಲಪ್ಪನ ಕಡೆ ಹಿಡಿದರು. ಹಾಲಪ್ಪ ತಕ್ಷಣ ತೆಗೆದುಕೊಳ್ಳಲಿಲ್ಲ. "ಇನ್ನೂ ಲಿವರ್ ಕೂಡಿಸಿಲ್ರಿ. ಕೂಡಿಸಿದ ಮ್ಯಾಲ ಕೊಡ್ರಿ," ಎಂದರು.

ಕೆಲಸಕ್ಕೆ ನಾಲ್ಕು ದಿನ ಹಿಡಿಯಿತು. ರ‍್ಯಾಚೆಟ್ಟನ್ನು ತೊಳೆದು, ಮೂರಂಚಿನ ಅರದಿಂದ ಉಜ್ಜಿ ಹನ್ನೊಂದು ಹಲ್ಲುಗಳನ್ನೂ ಚೊಕ್ಕ ಮಾಡಿದೆ. ಹೊಸ ನಾಲಿಗೆಯನ್ನು ಲೇತಿನವರಲ್ಲಿ ಮಾಡಿಸಿ, ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿ ಗಟ್ಟಿಗೊಳಿಸಿದೆ. ಸ್ಪ್ರಿಂಗ್ ಬದಲಿಸಿದೆ. ತುಕ್ಕು ಕೆರೆದು ಕಪ್ಪು ಬಣ್ಣ ಹೊಡೆದೆ. ಕೂಲಿ ತೆಗೆದುಕೊಳ್ಳಲಿಲ್ಲ. ಮಾಗಳದ ಅದೇ ಇಳಿಜಾರಿಗೆ ಒಯ್ದು, ಗಾಲಿಯಿಂದ ಒಂದು ಗೇಣು ಮುಂದೆ ಕಲ್ಲಿಟ್ಟು, ನ್ಯೂಟ್ರಲ್‌ನಲ್ಲಿ ನಿಲ್ಲಿಸಿ, ಚಹಾದಂಗಡಿಯವನನ್ನೂ ಸೇರಿಸಿಕೊಂಡು ನಾಲ್ವರು ಅಲ್ಲಾಡಿಸಿದೆವು. ಕಾರು ಕದಲಲಿಲ್ಲ. ಗೌರಮ್ಮನವರು ಆಮೇಲೆ ಸ್ಟೇರಿಂಗಿಗೆ ಮಾತ್ರ ವಿಭೂತಿ ಹಚ್ಚುತ್ತಿದ್ದರು. ಹಾಗೆ ಮಾಡಿರೆಂದು ಯಾರೂ ಅವರಿಗೆ ಹೇಳಿರಲಿಲ್ಲ.

ಈ ಕಸುಬು ನನಗೆ ಕಲಿಸಿದ್ದು ಇದು: ಕೆಟ್ಟ ಸಾಮಾನನ್ನು ತೊಳೆಯುವ ಮುನ್ನ, ಅದರಿಂದ ನಷ್ಟವಾದವರನ್ನು ಕರೆದು ತೋರಿಸಬೇಕು. ತೊಳೆದ ಮೇಲೆ ಉಳಿಯುವುದು ಮಿಸ್ತ್ರಿಯ ಮಾತು ಮಾತ್ರ. ಮಾಗಳದಲ್ಲಿ ನನ್ನ ಮಾತು ಒಬ್ಬರ ಅನ್ನ ಉಳಿಸಲು ಸಾಲದೆ ಹೋದದ್ದನ್ನು ನಾನೇ ನೋಡಿದ್ದೇನೆ.

ಅಂದು ಬೆಂಚಿನ ಮುಂದೆ ನಿಂತು ಆ ಲಿವರ್ ಬೀಳುವುದನ್ನು ನನ್ನ ಜೊತೆ ಮೂವರು ನೋಡಿದರು. ಗೌರಮ್ಮನವರು ಹೋದ ಬೇಸಿಗೆಯಲ್ಲಿ ತೀರಿಕೊಂಡರು. ಚನ್ನಬಸಪ್ಪನವರು ಇದ್ದಾರೆ. ಹಾಲಪ್ಪನೂ ಇದ್ದಾರೆ, ಕಾರು ಓಡಿಸುತ್ತಿದ್ದಾರೆ.